ಪೆಟ್ಟಿಗೆ ಬರದಿದ್ದರೂ ಪರವಾಗಿಲ್ಲ

"ಹೆಣದ ಮುಂದೆ ಕೂತವನನ್ನ ಎಬ್ಬಿಸೋಕೆ ಬಂದಿದೀಯಾ ಕ್ಲೆಮೆ? ಇದೇನಾ ನೀನು ಕಲಿತ ಪೊಲೀಸ್ ಕೆಲಸ?"

ಚಾವಡಿಯ ಮೆಟ್ಟಿಲಿಗೆ ಅಡ್ಡವಾಗಿ ಕೂತಿದ್ದ ಮುದುಕಿ ದಾರಿ ಬಿಡಲಿಲ್ಲ. ಇನ್‌ಸ್ಪೆಕ್ಟರ್ ಕ್ಲೆಮೆನ್ಸಾ ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಎಬ್ಬಿಸಲ್ಲ ಅಜ್ಜಿ. ಅವನಾಗೇ ಎದ್ದು ಬರೋವರೆಗೂ ಕಾಯ್ತೀನಿ."

"ಕಾಯಿ, ಕಾಯಿ. ಒಂದೇ ತಟ್ಟೇಲಿ ಉಂಡವಳು ಒಳಗೆ ಬಂದು ಅಳಬೇಕು. ನೀನು ಹೊರಗೆ ನಿಂತು ಕಾವಲು ಕಾಯ್ತಿದೀಯ."

ಕ್ಲೆಮೆನ್ಸಾ ಮೆಟ್ಟಿಲ ಪಕ್ಕದಿಂದ ಒಳಗೆ ಇಣುಕಿದಳು. ಒಳಗೆ ಮರ್ಯಾದೆಯ ಪಾನೀಯಕ್ಕಾಗಿ ಸಕಾವ್ ಬೇರು ಜಜ್ಜುವ ಕಲ್ಲುಗಳು ಗಂಟೆ ಬಾರಿಸಿದಂತೆ ಮೊಳಗುತ್ತಿದ್ದವು. ಹಂದಿ ಬೇಯುತ್ತಿದ್ದ ಕಲ್ಲಿನ ಒಲೆಯ ಹೊಗೆ ಮಳೆಗಾಳಿಗೆ ಮೇಲೇಳಲಾರದೆ ನೆಲದಲ್ಲೇ ಹರಿದಾಡುತ್ತಿತ್ತು. ಹೆಂಗಸರ ಗುಂಪಿನ ನಡುವೆ ಶವಪೆಟ್ಟಿಗೆ. ಅದರ ತಲೆದೆಸೆಯಲ್ಲಿ, ಬರಿಗಾಲಲ್ಲಿ, ಎರಡು ದಿನದಿಂದ ಬದಲಾಯಿಸದ ಅಂಗಿಯಲ್ಲಿ ಗವರ್ನರ್ ಕಸ್ಯಾನೊ ಕೂತಿದ್ದ.

ಒಳಗೆ ಮಲಗಿದ್ದವನು ಅವನ ತಮ್ಮ ಪೆತ್ರುಸ್. ಹೊರ ದ್ವೀಪ ವೇನಿಯಾಪಿನ ಮತಪೆಟ್ಟಿಗೆಯನ್ನು ತರಲು ಹೋದವನ ದೋಣಿ ಹವಳದ ದಿಬ್ಬದ ಮೇಲೆ ಮಗುಚಿ ಸಿಕ್ಕಿತ್ತು. ಅವನ ಹೆಣ, ತಲೆಗೆ ಪೆಟ್ಟು ಬಿದ್ದು, ದಡದ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಸಿಕ್ಕಿತ್ತು. ಪೆಟ್ಟಿಗೆ ಸಿಕ್ಕಿರಲಿಲ್ಲ.

ಗವರ್ನರ್ ಚುನಾವಣೆಯಲ್ಲಿ ಆ ಪೆಟ್ಟಿಗೆ ಬಿಟ್ಟು ಎಣಿಸಿದರೆ ಕಸ್ಯಾನೊ ಮತ್ತೆ ಕೂದಲೆಳೆಯಲ್ಲಿ ಗೆದ್ದಿದ್ದ. ಸೇರಿಸಿ ಎಣಿಸಿದ್ದರೆ ಎದುರಾಳಿ ರೋಕುರೊ ಗೆಲ್ಲುತ್ತಿದ್ದ ಎಂಬುದು ಪೊನ್‌ಪೆ ದ್ವೀಪದ ಚಿಕ್ಕ ಮಗುವಿಗೂ ಗೊತ್ತಿತ್ತು. ವೇನಿಯಾಪ್ ಅವನ ತಾಯಿಯ ತವರು. ಅಲ್ಲಿಯ ನಾಯಿಗಳಿಗೂ ಮತದ ಹಕ್ಕಿದ್ದರೆ ಅವೂ ರೋಕುರೊಗೇ ಹಾಕುತ್ತಿದ್ದವು.

ರಾಜ್ಯದ ಹಡಗು ಕೆಟ್ಟು ಬಂದರಿನಲ್ಲಿ ಕೂತಿತ್ತು. ವೇನಿಯಾಪಿನ ಮತಗಟ್ಟೆ ಅಧಿಕಾರಿ ಅಲೆ ನೋಡಿ ದೋಣಿ ಹತ್ತಲೊಲ್ಲೆ ಎಂದಿದ್ದ. ಆ ಸಮುದ್ರಕ್ಕೆ ಒಬ್ಬನೇ ಇಳಿಯುವ ಗಂಡಸು ಪೆತ್ರುಸ್ ಮಾತ್ರ. "ಪೆತ್ರುಸ್ ತರೋದಾದ್ರೆ ನನ್ನ ಅಡ್ಡಿ ಇಲ್ಲ, ಅವನು ಕದಿಯೋ ಜಾತಿಯಲ್ಲ" ಎಂದು ರೋಕುರೊ ಕೂಡ ಒಪ್ಪಿದ್ದ.

ಈಗ ಕೊಲೊನಿಯಾ ಪೇಟೆಯ ಅಂಗಡಿ ಅಂಗಡಿಯಲ್ಲೂ ಒಂದೇ ಮಾತು: ಅಣ್ಣ ಕುರ್ಚಿಗಾಗಿ ತಮ್ಮನನ್ನೇ ಮುಳುಗಿಸಿದ.

ಸೋಮವಾರ ಕೋರ್ಟಿನಲ್ಲಿ ವಿಚಾರಣೆ. ಕ್ಲೆಮೆನ್ಸಾ ಅಲ್ಲಿ ನಿಂತು ಏನಾಯಿತೆಂದು ಹೇಳಬೇಕು. ಹೆತ್ತವರು ತೀರಿಕೊಂಡಾಗ ಅವಳನ್ನು ಕರೆತಂದು ಸಾಕಿದ್ದು ಈ ಅಣ್ಣ ತಮ್ಮಂದಿರ ತಾಯಿ. ಅವಳಿಗೆ ಕಸ್ಯಾನೊ ಅಣ್ಣ, ಪೆತ್ರುಸ್ ಸಣ್ಣಣ್ಣ. ಈ ಕೇಸು ಬೇರೆಯವರಿಗೆ ಬಿಡು ಎಂದ ಮೇಲಧಿಕಾರಿಗೆ ಅವಳು ನೇರವಾಗಿ ಅಂದಿದ್ದಳು: "ನೆಂಟನಲ್ಲದ ಪೊಲೀಸನೇ ಬೇಕು ಅಂದ್ರೆ ವಿಮಾನದಲ್ಲಿ ತರಿಸ್ಬೇಕು ಸಾರ್. ಈ ದ್ವೀಪದಲ್ಲಿ ಸಿಗಲ್ಲ."

ಚಾವಡಿಯ ನಡುವೆ ಬರಿಮೈಯಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಬೇರು ಜಜ್ಜುತ್ತಿದ್ದವನು ಎಲ್ಪಿದ್. ಹೆತ್ತವನು ಕಸ್ಯಾನೊ, ಸಾಕಿದವರು ಮಕ್ಕಳಿಲ್ಲದ ಪೆತ್ರುಸ್ ಮತ್ತು ಅವನ ಹೆಂಡತಿ ಪೆಲೀನಾ. ಮೊಲೆಹಾಲು ಬಿಡುವ ಮೊದಲೇ ಕೈ ಬದಲಾದ ಕೂಸು. ಊರವರು ಅವನನ್ನು ಎರಡಪ್ಪಂದಿರ ಮಗ ಎಂದೇ ಕರೆಯುತ್ತಿದ್ದರು. ಈ ಸಲ ಕಸ್ಯಾನೊನ ಮನೆಯಲ್ಲೇ ಉಳಿದು ಅವನ ಚುನಾವಣೆಯನ್ನೆಲ್ಲ ಹೆಗಲ ಮೇಲೆ ಹೊತ್ತು ನಡೆಸಿದವನು. ಅವನ ಎದೆಯ ಮೇಲೆ ಬೆವರೋ ಕಣ್ಣೀರೋ ಇಳಿಯುತ್ತಿತ್ತು.

ಕಸ್ಯಾನೊ ತಲೆ ಎತ್ತಿ ಹೊರಗೆ ನಿಂತ ಖಾಕಿಯನ್ನು ನೋಡಿದ. ಎದ್ದ. ಹೆಂಗಸರ ಅಳು ಒಂದು ಕ್ಷಣ ತಗ್ಗಿ ಮತ್ತೆ ಏರಿತು.

* * *

ಚಾವಡಿಯ ಹಿಂದೆ, ದೋಣಿಗಳನ್ನೆಳೆದು ನಿಲ್ಲಿಸುವ ದಡದಲ್ಲಿ ಅವರಿಬ್ಬರೇ ನಿಂತರು. ಕ್ಲೆಮೆನ್ಸಾ ಜೇಬಿನಿಂದ ಕರವಸ್ತ್ರ ತೆಗೆದು ಬಿಡಿಸಿದಳು.

ಹೆಬ್ಬೆರಳು ಗಾತ್ರದ ಹಿತ್ತಾಳೆ ಬಿರಡೆ. ಅದರ ಕಿವಿಗೆ ಹಸಿರು ನೈಲಾನ್ ದಾರ.

"ಏನು ಅಂತ ಗೊತ್ತಾಯ್ತಾ?"

"ಪೆತ್ರುಸ್‌ನ ದೋಣಿ ಬಿರಡೆ." ಕಸ್ಯಾನೊ ಮುಟ್ಟಲಿಲ್ಲ. "ಆ ದಾರ ಕಟ್ಟಿದ್ದು ನಾನು. ಎಲ್ಲಿ ಸಿಕ್ತು?"

"ದೋಣಿ ಹಿಂದಿನ ತೂತಲ್ಲಿ ಇರಬೇಕಿತ್ತು. ಇರ್ಲಿಲ್ಲ. ಆಸ್ಪತ್ರೆಯವರು ಸಣ್ಣಣ್ಣನ ಬಟ್ಟೆ ಕೊಟ್ರಲ್ಲ, ಅದರ ಜೇಬಲ್ಲಿತ್ತು. ಜೇಬಿನ ಗುಂಡಿ ಹಾಕಿತ್ತು."

"ಅಂದ್ರೆ?"

"ಅಲೆ ಬಂದು ಬಿರಡೆ ಕಿತ್ತು ಜೇಬಿಗೆ ಹಾಕಿ ಗುಂಡಿ ಹಾಕಲ್ಲ ಅಣ್ಣ."

ಅವನು ಹತ್ತಿರದ ಮರದ ದಿಮ್ಮಿಯ ಮೇಲೆ ಕುಸಿದು ಕೂತ. ರಾಜ್ಯದ ಗವರ್ನರ್ ಎನ್ನುವ ಗತ್ತು ಮೈಯಿಂದ ಯಾವಾಗಲೋ ಕಳಚಿಬಿದ್ದಿತ್ತು. ಭಾನುವಾರ ಪೂಜೆ ಮುಗಿಸಿ ತಮ್ಮನ ದೋಣಿ ಹತ್ತಿ ಗಾಳ ಹಾಕಲು ಹೋಗುತ್ತಿದ್ದ ಹಳ್ಳಿಯ ಗಂಡಸೊಬ್ಬ ಮಾತ್ರ ಅಲ್ಲಿ ಉಳಿದಿದ್ದ.

"ತಾನೇ ಕಿತ್ತ ಅಂತೀಯಾ? ದೋಣಿ ಮುಳುಗಲಿ ಅಂತ?"

"ಹವಳದ ದಿಬ್ಬದ ಹತ್ರ ಮುಳುಗಿಸಿದ್ರೆ ಈಜಿ ಬರಬಹುದು ಅಂದ್ಕೊಂಡಿರ್ತಾನೆ. ತಲೆಗೆ ಕಲ್ಲು ತಾಗುತ್ತೆ ಅಂತ ಯಾರಿಗೆ ಗೊತ್ತು?" ಕ್ಲೆಮೆನ್ಸಾ ಕೆಮ್ಮಿ ಪೊಲೀಸಿನ ದನಿ ತಂದುಕೊಂಡಳು. "ನಾನು ಒಂದೇ ಮಾತು ಕೇಳ್ತೀನಿ. ಮಾಡು ಅಂದವನು ನೀನಾ?"

"ಅಲ್ಲ."

"ಅಮ್ಮನ ಆಣೆ?"

ಕಸ್ಯಾನೊ ಆಣೆ ಇಡಲಿಲ್ಲ. ನೀರಿನ ಕಡೆ ಮುಖ ತಿರುಗಿಸಿದ.

"ವೇನಿಯಾಪಿಂದ ಹೊರಡೋ ಮುಂಚಿನ ಸಂಜೆ ರೇಡಿಯೋದಲ್ಲಿ ಸಿಕ್ಕಿದ್ದ. ಅಲೆ ಕೆಟ್ಟದಾಗಿದೆ ಅಣ್ಣ, ಅಂದ. ನಾನಂದೆ, ಪೆಟ್ಟಿಗೆ ಬರದಿದ್ದರೂ ಪರವಾಗಿಲ್ಲ, ನೀನು ಬಾ."

"ಅಷ್ಟೇನಾ?"

"ಅಷ್ಟೇ."

"ಅದರಲ್ಲೇನು ತಪ್ಪು? ಯಾವ ಅಣ್ಣನಾದ್ರೂ ಹಾಗೇ ಹೇಳ್ತಾನೆ."

"ಹೇಳ್ತಾನೆ. ಆದ್ರೆ ನನ್ನ ಎದುರಿಗೆ ಎಣಿಕೆಯ ಬೋರ್ಡಿತ್ತು ಕ್ಲೆಮೆ. ನಾನು ಮುಂದಿದೀನಿ ಅಂತ ಅದರಲ್ಲಿ ಬರೆದಿತ್ತು. ಅದನ್ನ ನೋಡ್ತಾ ನೋಡ್ತಾ ಆ ಮಾತಾಡಿದೆ." ಅವನು ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡ. "ಅವನ ಜೀವಕ್ಕೆ ಹೆದರಿ ಅಂದೆನೋ, ಆ ಪೆಟ್ಟಿಗೆಗೆ ಹೆದರಿ ಅಂದೆನೋ? ಎರಡು ದಿನದಿಂದ ಅವನ ಮುಖ ನೋಡ್ತಾ ಕೂತಿದೀನಿ. ನನಗೇ ಗೊತ್ತಾಗ್ತಿಲ್ಲ."

"ಅವನೇನಂದ?"

"'ಅರ್ಥ ಆಯ್ತು ಅಣ್ಣ' ಅಂದ. ಏನರ್ಥ ಆಯ್ತು ಅಂತ ನಾನು ಕೇಳಬೇಕಿತ್ತು. ಕೇಳ್ಲಿಲ್ಲ. ಕೇಳೋಕೆ ಮನಸ್ಸಾಗ್ಲಿಲ್ಲ."

ಕಲ್ಲುಗಳ ಸದ್ದು ಒಂದು ಲಯ ಬಿಟ್ಟು ಇನ್ನೊಂದು ಹಿಡಿಯಿತು. ಬೇರು ನುಣ್ಣಗಾಗಿ, ದಾಸವಾಳದ ನಾರಿನಲ್ಲಿ ಸುತ್ತಿ ಹಿಂಡುವ ಹೊತ್ತು ಬಂದಿತ್ತು.

ಕ್ಲೆಮೆನ್ಸಾಗೆ ಬೈಯಬೇಕೆನ್ನಿಸಿತು. ಕಾಲು ಹಿಡಿದು ಅಳಬೇಕೆನ್ನಿಸಿತು. ಚಿಕ್ಕವಳಿದ್ದಾಗ ಜಾರಿಬಿದ್ದವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ತಂದವನು ಇವನು. ಆ ಹೊತ್ತು ಮುಂದೆ ಮುಂದೆ ಓಡುತ್ತ ಏಡಿ ತೋರಿಸಿ ಅವಳನ್ನು ನಗಿಸಿದವನು ಈಗ ಶವಪೆಟ್ಟಿಗೆಯೊಳಗಿದ್ದ.

"ರೋಕುರೊನೂ ಹಂದಿ, ಸಕಾವ್ ಗಿಡ ಎಲ್ಲ ಹೊರಿಸ್ಕೊಂಡು ಸಾವಿನ ಮರ್ಯಾದೆಗೆ ಬಂದಿದಾನೆ," ಕಸ್ಯಾನೊ ಎದ್ದ. "ಅವನ ಮುಂದೆ ಮಂಡಿಯೂರಿ, ಕ್ಷಮೆ ಕೇಳಿ ಸಕಾವ್ ತುಂಬಿದ ತಪ್ಪಿನ ಬಟ್ಟಲು ಕೊಡ್ತೀನಿ. ತಮ್ಮ ಮಾಡಿದ್ದು ನನ್ನ ಮಾತಿಂದ ಅಂತ ಹೇಳ್ತೀನಿ. ಕುರ್ಚಿ ಬಿಡ್ತೀನಿ. ಸೋಮವಾರ ನೀನು ಕೋರ್ಟಲ್ಲಿ ಅಣ್ಣನ ಮೇಲೆ ಸಾಕ್ಷಿ ಹೇಳೋದು ಬೇಡ."

"ಸಣ್ಣಣ್ಣನಿಗೆ ಕಳ್ಳ ಅನ್ನೋ ಹೆಸರು ಉಳಿಯುತ್ತೆ."

"ಕಳ್ಳನ ತಮ್ಮ ಅನ್ನೋ ಹೆಸರು ಉಳಿಯುತ್ತೆ. ಅದು ಅವನ ತಪ್ಪಲ್ಲ."

ಅವನು ಚಾವಡಿಯ ಕಡೆ ತಿರುಗಿದ.

ಕ್ಲೆಮೆನ್ಸಾ ಕಣ್ಣೊರೆಸಿಕೊಂಡು ಬೇರೆಲ್ಲೂ ನೋಡಲಾರದೆ ದೋಣಿಗಳ ಕಡೆ ನೋಡಿದಳು. ಸಾವಿಗೆ ಬಂದವರ ದೋಣಿಗಳು ದಡದುದ್ದಕ್ಕೂ ಮೂಗು ಮೇಲೆ ಮಾಡಿ ಸಾಲಾಗಿ ನಿಂತಿದ್ದವು. ಬೆಳಿಗ್ಗೆಯಿಂದ ಹೊಯ್ದ ಮಳೆಯ ನೀರು ಒಂದೊಂದರ ಹಿಂಬದಿಯ ತೂತಿನಿಂದಲೂ ಸಣ್ಣಗೆ ಸೋರಿ ಕೆಸರಿಗೆ ಬೀಳುತ್ತಿತ್ತು. ಒಂದರಲ್ಲೂ ಬಿರಡೆ ಇರಲಿಲ್ಲ.

ಅವಳು ಕೈಯಲ್ಲಿದ್ದ ಬಿರಡೆಯನ್ನು ಮತ್ತೊಮ್ಮೆ ನೋಡಿದಳು.

"ಅಣ್ಣಾ, ನಿಲ್ಲು!"

ಕಸ್ಯಾನೊ ತಿರುಗಿದ.

"ದೋಣಿ ದಡಕ್ಕೆಳೆದ ಮೇಲೆ ನೀನು ಮೊದಲು ಏನು ಮಾಡ್ತೀಯ?"

"ಈಗ ಇದೆಂಥ ಪ್ರಶ್ನೆ?"

"ಹೇಳು!"

"ಏನ್ಮಾಡ್ತೀನಿ? ಬಿರಡೆ ತೆಗೀತೀನಿ. ಮಳೆ ನೀರು ನಿಂತ್ರೆ ದೋಣಿ..."

"ತೆಗೆದು?"

"ಜೇಬಿಗೆ..."

ಅವನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಗಿತ್ತು.

"ಸಣ್ಣಣ್ಣ ಗುಂಡಿ ಬೇರೆ ಹಾಕ್ತಿದ್ದ, ಕಳೆದುಹೋಗುತ್ತೆ ಅಂತ," ಕ್ಲೆಮೆನ್ಸಾ ಅಂದಳು. "ದಿನಾ ಕಂಡದ್ದು. ಮುಳುಗಿದವನ ಜೇಬು ಅಂದ ಕೂಡಲೇ ಕಳ್ಳತನವೇ ನೆನಪಾಯ್ತು ನನಗೆ. ಅವನು ದೋಣಿ ಮುಳುಗಿಸ್ಲಿಲ್ಲ ಅಣ್ಣ. ಅವನು ಸಮುದ್ರದಲ್ಲಿ ಸಾಯಲೇ ಇಲ್ಲ. ದಡ ಮುಟ್ಟಿದ್ದ. ದೋಣಿ ಎಳೆದು ನಿಲ್ಲಿಸಿದ್ದ. ಆಮೇಲೆ ಯಾರೋ ಬಿರಡೆ ಇಲ್ಲದ ದೋಣೀನ ನೀರಿಗೆ ನೂಕಿದಾರೆ."

* * *

ಪೆಲೀನಾ ಅಡುಗೆ ಮಾಡಿನ ಹಿಂದೆ ಒಬ್ಬಳೇ ಕೂತು ಸುಟ್ಟ ದೀವಿಹಲಸಿನ ಕರಿ ಸಿಪ್ಪೆ ಕೆರೆಯುತ್ತಿದ್ದಳು. ಗಂಡ ಸತ್ತವಳು ಅಡುಗೆ ಕೆಲಸ ಮುಟ್ಟಬೇಕಾದ್ದಿಲ್ಲ. ಒಳಗೆ ಹೆಣದ ಬಳಿ ಕೂರಬೇಕು. ಕೂತರೆ ಎಲ್ಲರೂ ಮುಖ ನೋಡುತ್ತಾರೆ ಎಂದು ಎದ್ದು ಬಂದಿದ್ದಳು.

ಕ್ಲೆಮೆನ್ಸಾ ಅವಳ ಎದುರು ನೆಲದ ಮೇಲೆ ಕೂತಳು. ಕಸ್ಯಾನೊ ನಿಂತೇ ಇದ್ದ.

"ಅತ್ತಿಗೆ, ಸಣ್ಣಣ್ಣ ಮನೆಗೆ ಬಂದಿದ್ದ ಅಲ್ವಾ?"

ಕೆರೆಯುವ ಚಿಪ್ಪು ನಿಂತಿತು.

"ಯಾರಂದ್ರು?"

"ಅವನ ಜೇಬು." ಕ್ಲೆಮೆನ್ಸಾ ಬಿರಡೆಯನ್ನು ಮುಂದೆ ಹಿಡಿದಳು.

ಪೆಲೀನಾ ಬಿರಡೆಯನ್ನು ನೋಡಿದಳು. ಕೈಚಾಚಿ ತೆಗೆದುಕೊಂಡು ಎದೆಗೆ ಒತ್ತಿಕೊಂಡಳು. ಎರಡು ದಿನ ಎಲ್ಲರೆದುರು ಅತ್ತ ಅಳು ಬೇರೆ, ಈಗ ಸದ್ದಿಲ್ಲದೆ ಬಂದದ್ದು ಬೇರೆ.

"ಬಂದ್ರು. ಬೆಳಗಾಗೋ ಹೊತ್ತಿಗೆ ಬಂದ್ರು. ಕಣ್ಣೆಲ್ಲ ಉಪ್ಪು. ಊಟ ಹಾಕಿದೆ. ಉಣ್ತಾ ಉಣ್ತಾ ನಗ್ತಿದ್ರು."

"ಯಾಕೆ ನಗ್ತಿದ್ದ?" ಕಸ್ಯಾನೊ ಕೇಳಿದ.

"ನಿಮ್ಮನ್ನ ನೆನೆಸ್ಕೊಂಡು ಭಾವ. 'ಪೆಟ್ಟಿಗೆ ಬರದಿದ್ದರೂ ಪರವಾಗಿಲ್ಲ ಅಂದ ನಮ್ಮಣ್ಣ. ಪಾಪ, ನನ್ನ ಜೀವಕ್ಕೆ ಹೆದರಿ ಅಂದ. ಅವನು ಹಾಗಂದ ಅಂತಾನೇ ನಾನು ತಂದೇ ತರಬೇಕಿತ್ತು. ನಾಳೆ ಜನ ಅವನ ಮೇಲೆ ಬೊಟ್ಟು ಮಾಡಬಾರದಲ್ಲ' ಅಂದ್ರು."

ಕಸ್ಯಾನೊ ಮಾಡಿನ ಕಂಬವನ್ನು ಹಿಡಿದುಕೊಂಡ. ತಾನೇ ತನ್ನ ಮೇಲೆ ಇಡಲಾರದ ನಂಬಿಕೆಯನ್ನು ತಮ್ಮ ಇಟ್ಟಿದ್ದ. ಅದನ್ನು ತಾಳಿಕೊಳ್ಳುವುದು ಆ ಅಪವಾದಕ್ಕಿಂತ ಕಷ್ಟವಾಗಿತ್ತು.

"ಪೆಟ್ಟಿಗೆ ಎಲ್ಲಿ ಅತ್ತಿಗೆ?"

"ಹೊತ್ಕೊಂಡು ಹೋದ್ರು. ಅಣ್ಣನ ಕೈಗೇ ಕೊಡ್ತೀನಿ, ಅವನೇ ಎಲ್ಲರೆದುರು ಒಯ್ದು ಒಪ್ಪಿಸಲಿ, ಅವನಿಗೂ ಗೌರವ ಅಂದ್ರು. ಭಾವನ ಮನೆ ದಾರಿ ಹಿಡಿದ್ರು."

"ನನ್ನ ಮನೆಗಾ?" ಕಸ್ಯಾನೊ ದನಿ ಎತ್ತಿದ. "ನಾನು ಮನೇಲಿರ್ಲಿಲ್ಲ! ಹಿಂದಿನ ದಿನದಿಂದ ಪೇಟೇಲೇ, ಎಣಿಕೆ ಕಚೇರೀಲಿದ್ದೆ. ಮನೇಲಿ ಇದ್ದಿದ್ದು ಬರೀ..."

ಹೆಂಡತಿ ತೀರಿಹೋದ ಆ ಮನೆಯಲ್ಲಿ ಈ ಚುನಾವಣೆಯುದ್ದಕ್ಕೂ ಇದ್ದವರು ಇಬ್ಬರೇ, ಅವನು ಮತ್ತು ಎಲ್ಪಿದ್.

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ ಅತ್ತಿಗೆ?" ಕ್ಲೆಮೆನ್ಸಾ ಮೆಲ್ಲಗೆ ಕೇಳಿದಳು. ಉತ್ತರ ಆಗಲೇ ಗೊತ್ತಾಗಿತ್ತು.

"ಕೇಳಬೇಡ ಕ್ಲೆಮೆ." ಪೆಲೀನಾ ಅವಳ ಮೊಣಕಾಲು ಹಿಡಿದಳು. "ನಿನ್ನ ಕಾಲು ಹಿಡೀತೀನಿ, ಕೇಳಬೇಡ. ಅವರಂತೂ ಹೋದ್ರು. ನನಗಿನ್ನು ಉಳಿದಿರೋದು ಒಬ್ಬನೇ. ಹೆರದಿದ್ರೂ ನಾನೇ ಅವನ ತಾಯಿ. ಅವನೇನು ಮಾಡಿದಾನೋ, ಮಾಡಿಲ್ವೋ ನನಗೆ ಗೊತ್ತಿಲ್ಲ. ನಾನು ಕೇಳೂ ಇಲ್ಲ. ಅವತ್ತು ಸಂಜೆ ಮನೆಗೆ ಬಂದವನು ನನ್ನ ಮಡಿಲಲ್ಲಿ ಮುಖ ಇಟ್ಟು ನಡುಗಿದ, ಅಷ್ಟೇ. ಹೆಣ ಸಿಕ್ಕಿದ್ದು ಮಾರನೇ ದಿನ."

ಚಾವಡಿಯಲ್ಲಿ ಮೊದಲ ಬಟ್ಟಲು ಹಿಂಡುವ ಕೂಗು ಎದ್ದಿತು.

ಕ್ಲೆಮೆನ್ಸಾ ತಲೆ ಎತ್ತಿದಾಗ ಕಂಬದ ಬಳಿ ಕಸ್ಯಾನೊ ಇರಲಿಲ್ಲ.

* * *

ಅವಳು ಓಡಿ ಬರುವಷ್ಟರಲ್ಲಿ ಅವನು ಚಾವಡಿಯ ನಡುವಿದ್ದ.

ಎಲ್ಪಿದ್ ನಾರು ಹಿಂಡಿ ತೆಂಗಿನ ಕರಟ ತುಂಬಿಸಿದ್ದ. ಕಸ್ಯಾನೊ ಆ ಬಟ್ಟಲನ್ನು ಮಗನ ಕೈಯಿಂದಲೇ ತೆಗೆದುಕೊಂಡ. ತೆಗೆದುಕೊಳ್ಳುವಾಗ ಅವನ ಮುಖವನ್ನು ಒಂದು ಕ್ಷಣ ನೋಡಿದ. ಬೈಗುಳವಿರಲಿಲ್ಲ ಆ ನೋಟದಲ್ಲಿ, ಪ್ರಶ್ನೆಯೂ ಇರಲಿಲ್ಲ. ಜ್ವರ ಬಂದ ಮಗುವನ್ನು ಅಪ್ಪ ನೋಡುವಂತೆ ನೋಡಿದ. ಎಲ್ಪಿದ್ ಕಣ್ಣು ತಗ್ಗಿಸಿದ.

ಹಿರಿಯರ ಸಾಲಿನಲ್ಲಿ ಕೂತಿದ್ದ ರೋಕುರೊನ ಮುಂದೆ ಗವರ್ನರ್ ಮಂಡಿಯೂರಿದ. ಮುಂಗೈ ಮೇಲೆ ಮುಂಗೈ ಅಡ್ಡವಿಟ್ಟು, ಮುಖ ಪಕ್ಕಕ್ಕೆ ತಿರುಗಿಸಿ, ಬಟ್ಟಲು ಎತ್ತಿ ಹಿಡಿದ. ಕಲ್ಲುಗಳು ಒಂದೊಂದಾಗಿ ಮೌನವಾದವು.

"ರೋಕುರೊ, ಇದು ತಪ್ಪಿನ ಬಟ್ಟಲು. ವೇನಿಯಾಪಿನ ಪೆಟ್ಟಿಗೆ ಮುಳುಗಿಸು ಅಂತ ತಮ್ಮನಿಗೆ ಹೇಳಿದವನು ನಾನು."

ಹೆಂಗಸರ ಕಡೆಯಿಂದ ಒಂದು ಚೀರಾಟ. ಕಸ್ಯಾನೊ ನಿಲ್ಲಿಸಲಿಲ್ಲ.

"ಅವನು ಆಗಲ್ಲ ಅಂದ. ನಾನೇ ಬಲವಂತ ಮಾಡಿದೆ. ಸಮುದ್ರದಲ್ಲಿ ಆಗಿದ್ದಕ್ಕೆ, ದಡದಲ್ಲಿ ಆಗಿದ್ದಕ್ಕೆ, ಎಲ್ಲದಕ್ಕೂ ನಾನೊಬ್ಬನೇ. ಪೆಟ್ಟಿಗೆ ಸಮುದ್ರದ ಪಾಲಾಯ್ತು. ಅದನ್ನ ಹುಡುಕಬೇಡಿ. ಬೇರೆ ಯಾರನ್ನೂ ಹುಡುಕಬೇಡಿ. ಈ ಗಳಿಗೆಯಿಂದ ನಾನು ಗವರ್ನರ್ ಅಲ್ಲ."

ಕ್ಲೆಮೆನ್ಸಾ ಮೆಟ್ಟಿಲ ಬಳಿಯೇ ನಿಂತಳು. ಸುಳ್ಳು ಎಂದು ಕೂಗಲು ಒಂದು ಉಸಿರು ಸಾಕಿತ್ತು. ಆದರೆ ಆ ಉಸಿರು ನೇರವಾಗಿ ಎಲ್ಪಿದ್‌ನ ಕೊರಳಿಗೇ ಹೋಗುತ್ತಿತ್ತು. ಅಣ್ಣ ಅವಳ ಕಡೆ ನೋಡಲಿಲ್ಲ. ನೋಡದೆಯೇ ಬೇಡಿಕೊಳ್ಳುತ್ತಿದ್ದ.

ತಪ್ಪಿನ ಬಟ್ಟಲನ್ನು ಬೇಡವೆಂದು ತಿರುಗಿಸಿ ಕಳಿಸುವಂತಿಲ್ಲ. ರೋಕುರೊ ಎರಡೂ ಕೈ ಚಾಚಿ ಬಟ್ಟಲು ತೆಗೆದುಕೊಂಡ. ಕುಡಿಯಲಿಲ್ಲ. ಅವನ ಮುದಿ ಮುಖದಲ್ಲಿ ಗೆದ್ದವನ ಸುಖವಿರಲಿಲ್ಲ.

"ಕಸ್ಯಾನೊ, ನಾವಿಬ್ಬರೂ ಒಂದೇ ಬೆಂಚಲ್ಲಿ ಕೂತು ಓದಿದವರು. ನಿನಗೆ ಆಗಲೂ ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ."

"ಸುಳ್ಳಲ್ಲ."

"ಹೆಣ ಮಣ್ಣಾಗೋವರೆಗೂ ಬಾಯಿ ಬಿಡಬಾರದು ಅಂದ್ಕೊಂಡು ಬಂದಿದ್ದೆ. ನೀನು ಬಿಡಿಸ್ತಿದೀಯ." ರೋಕುರೊ ಬಟ್ಟಲನ್ನು ಚಾಪೆಯ ಮೇಲಿಟ್ಟ. "ಸಮುದ್ರದ ಪಾಲಾಯ್ತು ಅಂತೀಯಲ್ಲ ಆ ಪೆಟ್ಟಿಗೆ, ಇವತ್ತು ಬೆಳಿಗ್ಗೆ ನನ್ನ ಅಂಗಳದಲ್ಲಿತ್ತು. ಮೈಯೆಲ್ಲ ಕಾಂಡ್ಲಾ ಕೆಸರು. ಸೀಲು ಒಡೆದಿಲ್ಲ. ಯಾರೋ ತಂದಿಟ್ಟು ಹೋಗಿದಾರೆ."

"ಅದು ಆಗೋಕೇ ಸಾಧ್ಯ ಇಲ್ಲ!"

ಚಾವಡಿಯೆಲ್ಲ ಕೂಗು ಬಂದ ಕಡೆ ತಿರುಗಿತು. ಎಲ್ಪಿದ್ ಎದ್ದು ನಿಂತಿದ್ದ. ಕೈಯಿಂದ ಜಾರಿದ ಕಲ್ಲು ಚಪ್ಪಡಿಗೆ ಬಡಿದು ಸುಮ್ಮನಾಯಿತು.

"ಕಲ್ಲು ಕಟ್ಟಿ ನಾನೇ ಅದನ್ನ..."

ಅವನು ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಮಾತು ಹೊರಗೆ ಬಿದ್ದಾಗಿತ್ತು.

ಅಡುಗೆ ಮಾಡಿನ ಕಡೆಯಿಂದ ಓಡಿ ಬಂದ ಪೆಲೀನಾ ಅಲ್ಲೇ ಕುಸಿದಳು. ಕ್ಲೆಮೆನ್ಸಾ ಅವಳನ್ನು ಹಿಡಿಯಲಿಲ್ಲ. ಅವಳ ಕಣ್ಣು ಎಲ್ಪಿದ್‌ನ ಮುಖದ ಮೇಲಿತ್ತು. ಅಲ್ಲಿದ್ದದ್ದು ಸಿಕ್ಕಿಬಿದ್ದವನ ಹೆದರಿಕೆಯಲ್ಲ, ಬರೀ ದಿಗ್ಭ್ರಮೆ. ಅವನು ಮುಳುಗಿಸಿದ್ದನ್ನು ಬೇರೊಬ್ಬರು ಎತ್ತಿದ್ದರು. ಎತ್ತಬೇಕಾದರೆ ಮುಳುಗಿಸುವುದನ್ನು ಕಂಡಿರಬೇಕು. ಅದನ್ನು ಆ ಕಾಂಡ್ಲಾ ಕೆಸರಿನಲ್ಲಿ ಕಂಡವರು, ಅಲ್ಲೇ ಸಿಕ್ಕ ಪೆತ್ರುಸ್‌ನ ಕೊನೆಯನ್ನೂ ಕಂಡಿರಬೇಕು.

ಮಗನ ಕೂಗು ಕೇಳಿದರೂ ಕಸ್ಯಾನೊ ಮಾತ್ರ ಹಿಂತಿರುಗಿ ನೋಡಲಿಲ್ಲ. ಬಟ್ಟಲು ಕೈಬಿಟ್ಟು ಹೋಗಿದ್ದರೂ ಅಡ್ಡವಿಟ್ಟ ಮುಂಗೈಗಳನ್ನು ಹಾಗೆಯೇ ಹಿಡಿದುಕೊಂಡು ರೋಕುರೊನ ಮುಂದೆ ಮಂಡಿಯೂರಿಯೇ ಇದ್ದ.